ಕೆಂಪಿಯೋ ಬೆಳ್ಳಿಯೋ

ಮೊನ್ನೆ ಅತ್ತಿಗುಂಡಿಯ ಏರಿನಲ್ಲಿ ಪ್ರವಾಸಿಗರ ಕಾರೊಂದು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಟ್ಟಿತ್ತು. ಅದರ ಹಿಂದೆ ನಮ್ಮದೂ ಸೇರಿ ಸಾಲು ವಾಹನ. ಓಡಿಸುತ್ತಿದ್ದವನು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇಂಜಿನ್ ರೇಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕ್ಲಚ್ ಪ್ಲೇಟು ಸುಟ್ಟ ಘಾಟು ಕಿಟಕಿಯೊಳಗೆ ಬಂತು. ಪಕ್ಕದ ಎಸ್ಟೇಟಿನ ಅಕ್ಕ ನೆನಪಾದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಮದುವೆಯಾಗಿ ನಾನು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ನಮ್ಮ ಸಣ್ಣ ತೋಟಕ್ಕೆ ಬಂದಾಗ ಬೇಲಿಯಾಚೆಯ ಎಸ್ಟೇಟು ಅವರದಾಗಿತ್ತು. ಕಡೂರಿನ ಕಡೆಯ ನೇರ ರಸ್ತೆಗಳನ್ನು ಕಂಡು ಬೆಳೆದ ನನಗೆ ಇಲ್ಲಿಯ ತಿರುವುಗಳೆಂದರೆ ಹೆದರಿಕೆ. ಅಕ್ಕ ಅದೇ ತಿರುವುಗಳಲ್ಲಿ ಜೀಪನ್ನು ಬೀಸಿಕೊಂಡು ಬರುತ್ತಿದ್ದರು. ಅವರ ಯಜಮಾನರು, ನಾನು ಭಾವ ಎನ್ನುತ್ತಿದ್ದವರು, ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಹರೆಯದಲ್ಲಿ ಒಮ್ಮೆ ಜೀಪನ್ನು ಚರಂಡಿಗೆ ಇಳಿಸಿದ ಮೇಲೆ ತೋಟವನ್ನೆಲ್ಲ ನಡೆದೇ ಸುತ್ತುವ ಮನುಷ್ಯ. ಬ್ಯಾಂಕು, ಸಂತೆ, ಆಸ್ಪತ್ರೆ, ಎಲ್ಲಕ್ಕೂ ಅಕ್ಕನೇ ಡ್ರೈವರು.

ಅದು ಕಾಫಿ ರೇಟು ನೆಲಕಚ್ಚಿದ್ದ ಕಾಲ. ಎಸ್ಟೇಟುಗಳ ನಡುವೆ ರ‍್ಯಾಲಿ ಪಂದ್ಯಗಳಲ್ಲಿ ಓಡಿಸುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ತಮ್ಮ ಕಾರು ಮಾರಲು ನಿಂತಿದ್ದರು. ಚಿಕ್ಕ ಮೈ, ದೊಡ್ಡ ಇಂಜಿನ್, ಹಿಂದುಗಡೆ ಚಾಚಿದ ಡಿಕ್ಕಿಯೇ ಇಲ್ಲದ ಗಿಡ್ಡ ಕಾರುಗಳು. ಮದುವೆಗೆ ಮೊದಲಿನಿಂದಲೂ ಅಕ್ಕನಿಗೆ ಅಂಥದ್ದೊಂದರ ಆಸೆ ಇತ್ತಂತೆ. ಎರಡು ಕಾರು ಗೊತ್ತುಮಾಡಿಕೊಂಡು, ನೋಡುವ ಮೊದಲೇ ದನಗಳಿಗೆ ಇಡುವ ಹಾಗೆ ಹೆಸರಿಟ್ಟುಬಿಟ್ಟಿದ್ದರು. ವಸ್ತಾರೆಯಲ್ಲಿದ್ದ ಕೆಂಪು ಕಾರು ಕೆಂಪಿ. ಅತ್ತಿಗುಂಡಿಯ ಬೂದುಬಣ್ಣದ್ದು ಬೆಳ್ಳಿ.

"ನೀನೂ ಬಾರೆ. ಒಬ್ಬಳೇ ನೋಡಿದ್ರೆ ನಂಗೆ ಎರಡೂ ಬೇಕು ಅನ್ನಿಸ್ತದೆ" ಎಂದರು. ಕಾರಿನ ಗಂಧಗಾಳಿ ಇಲ್ಲದ ನಾನು ಹೋದೆ.

ವಸ್ತಾರೆಯ ಹುಡುಗ ಹೊಸದಾಗಿ ಮದುವೆಯಾದವನು. ಹೆಂಡತಿಯ ಮನೆಯವರಿಗೆ ರ‍್ಯಾಲಿ ಬೇಡವಾಗಿತ್ತು. ಕೀಲಿ ಕೊಡುತ್ತ, "ಕ್ಲಚ್ ಸ್ವಲ್ಪ ಗಟ್ಟಿ ಅಕ್ಕ. ಸೆಕೆಂಡ್ ಗೇರಲ್ಲೇ ಎಳ್ಕೊಂಡು ಹೋಗ್ತದೆ, ಹುಷಾರು" ಎಂದ. ಒಳಗೆ ಸೀಟಿನ ಬಟ್ಟೆ ಬಿಟ್ಟರೆ ಮೆತ್ತಗಿನದೇನೂ ಇರಲಿಲ್ಲ. ಅಕ್ಕ ಸ್ಟಾರ್ಟ್ ಮಾಡಿದಾಗ ಇಂಜಿನ್ನಿನ ಗುಡುಗು ನನ್ನ ಎದೆಗೂಡಿಗೆ ಬಂತು. ಅವರು ಬಾಯ್ತುಂಬ ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಎರಡು ತಿರುವು ದಾಟಿರಬೇಕು. ಮೂರನೆಯದರಲ್ಲಿ, ರಸ್ತೆಯ ಎಡ ಅಂಚಿನಲ್ಲಿ, ಹೆಂಗಸೊಬ್ಬಳು ಸೌದೆ ಹೊರೆ ಹೊತ್ತು ನಮ್ಮ ಕಡೆ ಬೆನ್ನು ಮಾಡಿ ಹೋಗುತ್ತಿದ್ದಳು. ನನಗೆ ದೂರದಿಂದಲೇ ಕಂಡಳು. ಅಕ್ಕನಿಗೂ ಕಂಡಿರುತ್ತಾಳೆ ಎಂದು ಸುಮ್ಮನೆ ಕೂತಿದ್ದೆ. ಆದರೆ ಕಾರು ನೇರ ಅವಳ ಮೇಲೇ ಹೋಗುತ್ತಿತ್ತು. ನಾನು ಕಿರುಚಿದ ಮೇಲೆ ಬ್ರೇಕು ಬಿತ್ತು. ಆ ಹೆಂಗಸು ಹೊರೆ ಎಸೆದು ರಸ್ತೆಬದಿಯ ದರೆಯ ಮಣ್ಣುಗೋಡೆಗೆ ಒರಗಿಕೊಂಡಳು. ನಮಗೂ ಅವಳಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ಇಳಿದು ಸೌದೆ ಆರಿಸಿಕೊಟ್ಟೆ. ಅವಳಿಗೆ ಏನೂ ಆಗಿರಲಿಲ್ಲ. ವಾಪಸು ಬಂದು ಕೂತಾಗ ಅಕ್ಕ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು.

"ಮಂಜು ನೋಡು, ಎಂತದೂ ಕಾಣ್ಸೋದಿಲ್ಲ" ಎಂದರು.

ನಾನು ಹೊರಗೆ ನೋಡಿದೆ. ಕಾಫಿ ಗಿಡ ಅರಳಿಸುವ ಹೂಮಳೆಗೆ ಇನ್ನೂ ದಿನವಿತ್ತು. ರಸ್ತೆಯ ಮೇಲೆ ರಣಬಿಸಿಲು.

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಅಕ್ಕನ ಮನೆಗೆ ಹೋದಾಗಲೆಲ್ಲ ಕಣ್ಣು ಅವರನ್ನೇ ಹಿಂಬಾಲಿಸುತ್ತಿತ್ತು. ಎಡಗಡೆ ಇಟ್ಟ ಲೋಟವನ್ನು ಕೈ ತಗುಲಿಸಿ ಬೀಳಿಸುತ್ತಿದ್ದರು. ಆ ಕಡೆಯಿಂದ ಯಾರಾದರೂ ಮಾತಾಡಿದರೆ ಬರೀ ಕಣ್ಣು ಹೊರಳಿಸದೆ ಇಡೀ ಕತ್ತು ತಿರುಗಿಸುತ್ತಿದ್ದರು. ಜೀಪು ಈಗೀಗ ರಸ್ತೆಯ ನಡುವೆಯೇ ಬರುತ್ತಿತ್ತು. ನನ್ನ ಗಂಡನಿಗೆ ಹೇಳಿದರೆ, "ಅಕ್ಕನಿಗೇ ಡ್ರೈವಿಂಗ್ ಕಲಿಸೋಕೆ ಹೊರಟ್ಯಾ? ನಿಂಗೆ ಮೊದ್ಲಿಂದ್ಲೂ ತಿರುವು ಅಂದ್ರೆ ಹೆದ್ರಿಕೆ" ಎಂದುಬಿಟ್ಟರು. ಇರಬಹುದೇನೋ ಎಂದು ನನಗೂ ಅನ್ನಿಸಿತು. ಆದರೆ ಜೀಪಿನ ಸದ್ದು ಕೇಳಿದಾಗೆಲ್ಲ, ರಸ್ತೆಯಲ್ಲಿ ಶಾಲೆಯ ಮಕ್ಕಳಿದ್ದರೆ ಎಂದು ಗೇಟಿನವರೆಗೆ ಓಡುತ್ತಿದ್ದೆ. ಭಾವನಿಗೆ ಹೇಳೋಣವೆಂದರೆ, ಸುಳ್ಳಾದರೆ ಅಕ್ಕನ ಮುಖ ನೋಡುವುದು ಹೇಗೆ? ನಿಜವಾದರೆ ಹೇಗೆ?

ಬೆಳ್ಳಿಯನ್ನು ನೋಡಲು ಅತ್ತಿಗುಂಡಿಗೆ ಹೋದ ದಿನ ದಾರಿಯುದ್ದಕ್ಕೂ ನಾನು ಎಡಗಡೆಯದನ್ನೆಲ್ಲ ಜೋರಾಗಿ ಹೇಳುತ್ತ ಕೂತಿದ್ದೆ. "ಅಲ್ಲೊಂದು ದನ ನೋಡಿ ಅಕ್ಕ... ಅಗೋ, ಒಬ್ಬ ಅಜ್ಜ." ಅಕ್ಕ ಸುಮ್ಮನೆ ಹೂಂಗುಟ್ಟುತ್ತಿದ್ದರು.

ಬೆಳ್ಳಿ ನಿಜವಾಗಿಯೂ ಚೆಂದದ ಕಾರು. ಒಂದು ಗೀರಿಲ್ಲ. ಕಾರಿನ ಯಜಮಾನರು ಕೀಲಿ ಕೊಟ್ಟು, ಕಾಫಿ ಮಾಡಿಸಲು ಒಳಗೆ ಹೋದರು. ನಾವಿಬ್ಬರೂ ಬಾಗಿಲು ಹಾಕಿಕೊಂಡು ಕೂತೆವು. ಅಕ್ಕ ಕೀಲಿ ತಿರುಗಿಸುವ ಮೊದಲು ನಾನು ಅವರ ಕೈ ಹಿಡಿದೆ.

"ಅಕ್ಕ, ಎಡಗಡೆ ನಿಮಗೆ ಕಾಣ್ತದಾ?"

ಅಕ್ಕ ಕೀಲಿ ಬಿಟ್ಟರು.

"ಮಂಗಳೂರಿನ ಕಣ್ಣಿನ ಡಾಕ್ಟ್ರು ಹೇಳಿದಾರೆ. ಕಣ್ಣೊಳಗೆ ಒತ್ತಡ ಅಂತೆ. ಮೊದ್ಲು ಬದಿ ಹೋಗ್ತದೆ, ಆಮೇಲೆ ನಡುವಿಂದೂ ಹೋಗ್ತದೆ. ಹನಿ ಬಿಡ್ತಿದೀನಿ, ಆದ್ರೂ ನಿಲ್ತಿಲ್ಲ." ಕೀಲಿಯ ಕಡೆ ನೋಡಿ, "ಮನೇಲಿ ಹೇಳಿಲ್ಲ. ಹೇಳಿದ್ರೆ ಜೀಪಿನ ಕೀಲಿ ಇಸ್ಕೊಳ್ತಾರೆ. ಒಂದು ವರ್ಷ ಸಾಕಿತ್ತು ಕಣೆ ನಂಗೆ" ಎಂದರು.

"ಆ ಸೌದೆಯವಳು ಅಕ್ಕ..." ಎಂದೆ.

"ಗೊತ್ತು. ಕಣ್ಣು ಮುಚ್ಚಿದ್ರೆ ಅವಳೇ ಬರ್ತಾಳೆ" ಎಂದರು.

ಎದುರಿಗೆ ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಅಕ್ಕ ಬೆಳ್ಳಿಯನ್ನು ಅಲ್ಲಿಗೆ ಇಳಿಸಿ, ಆ ಬಯಲಿನಲ್ಲೇ ಸುತ್ತು ಹಾಕಿದರು. ರಸ್ತೆಗೆ ತೆಗೆಯಲಿಲ್ಲ. ಕೊನೆಗೆ ಇಂಜಿನ್ ಆರಿಸಿ, "ಸಂಜೆ ಮನೆಗೆ ಬಾ. ನಾನು ಹೇಳುವಾಗ ನೀನೂ ಅಲ್ಲಿರು" ಎಂದರು. ನಾವು ಬಂದಿದ್ದ ಜೀಪನ್ನು ಆ ಎಸ್ಟೇಟಿನ ಡ್ರೈವರು ಮೂಡಿಗೆರೆಯ ಆಚೆಗೆ, ಮನೆಯವರೆಗೂ ತಂದುಕೊಟ್ಟ. ಅಕ್ಕ ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಆ ಕೈಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಭಾವ ಊಟದ ಮೇಜಿನ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡರು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದ್ದೆ.

"ಎಡಗಡೆ ಹೆಚ್ಚು, ಅಲ್ವಾ?" ಎಂದರು ಭಾವ.

"ನಿಮಗೆ ಯಾರು ಹೇಳಿದ್ರು?" ಎಂದರು ಅಕ್ಕ.

"ಈಗೀಗ ತೋಟಕ್ಕೆ ಹೋಗುವಾಗ ನಾನು ನಿನ್ನ ಎಡಗಡೆಗೇ ನಡೀತಿದೀನಲ್ಲ, ಗಮನಿಸಿಲ್ವಾ? ನೀನೇ ಹೇಳ್ತೀ ಅಂತ ಕಾದೆ. ಜೀಪಿನ ವಿಚಾರಕ್ಕೆ ಮಾತ್ರ ಕಾಯಬಾರ್ದಾಗಿತ್ತು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಭಾವ ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿರದದ್ದು.

"ಮತ್ತೆ, ಎರಡರಲ್ಲಿ ಯಾವುದು?"

ಎರಡೂ ಬೇಡ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ತರಲೇಬೇಕೆಂದರೆ ಬೆಳ್ಳಿ, ಸಾಧು ಕಾರು, ಯಾರು ಬೇಕಾದರೂ ಓಡಿಸಬಹುದು.

"ಕೆಂಪಿ" ಎಂದರು ಅಕ್ಕ. "ಬೆಳ್ಳಿ ಒಳಗೆ ಕೂತ್ರೆ ಸದ್ದೇ ಇಲ್ಲ. ಕಣ್ಣು ಹೋದ್ಮೇಲೆ ಕಾರು ಓಡ್ತಾ ಇದೆ ಅಂತ ನಂಗೆ ಗೊತ್ತಾಗೋದು ಹೇಗೆ?"

ಭಾವ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ರಸ್ತೇಲಿ ನೀನು ಓಡಿಸ್ಬೇಕಮ್ಮ. ನಂಗೆ ಈ ವಯಸ್ಸಲ್ಲಿ ಆಗೋದಿಲ್ಲ" ಎಂದರು.

ಹೀಗೆ ನಾನು, ಸೈಕಲ್ಲೂ ತುಳಿಯದವಳು, ರ‍್ಯಾಲಿ ಓಡಿದ ಕಾರಿನಲ್ಲಿ ಡ್ರೈವಿಂಗ್ ಕಲಿತೆ. ಅಕ್ಕನದೇ ಕಣದಲ್ಲಿ ಮೊದಲು, ಆಮೇಲೆ ರಸ್ತೆಯಲ್ಲಿ. ಕ್ಲಚ್ ಒತ್ತಿ ಒತ್ತಿ ರಾತ್ರಿ ಮೊಣಕಾಲು ಸೆಳೆಯುತ್ತಿತ್ತು. ಏರಿನಲ್ಲಿ ಪ್ಲೇಟು ಸುಟ್ಟ ವಾಸನೆ ಬಂದರೆ ಅಕ್ಕ, "ಅರ್ಧಂಬರ್ಧ ಮಾಡ್ಬೇಡ ಮಾರಾಯ್ತಿ. ಒತ್ತು, ಇಲ್ಲ ಬಿಡು" ಎನ್ನುತ್ತಿದ್ದರು. ದಿನಾ ಹೊರಡುವ ಮೊದಲು ಇವತ್ತು ಬೇಡ ಅನ್ನಿಸುತ್ತಿತ್ತು. ಆದರೂ ಹೊರಡುತ್ತಿದ್ದೆ, ಏಕೆಂದರೆ ಅಕ್ಕ ಆಗಲೇ ಬಂದು ಕೂತಿರುತ್ತಿದ್ದರು.

ಅವರ ನೋಟ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಯಿತು. ಒಂದು ಮಳೆಗಾಲದಲ್ಲಿ, ಕೊಟ್ಟಿಗೆಹಾರದ ಹತ್ತಿರ, ಈ ಸಲ ನಿಜವಾದ ಮಂಜು ಇಳಿಯಿತು. ಬಾನೆಟ್ಟಿನ ತುದಿಯೂ ನನಗೆ ಕಾಣದಾಯಿತು. ನಡುರಸ್ತೆಯಲ್ಲೇ ನಿಲ್ಲಿಸಿ, "ನಂಗಾಗೋದಿಲ್ಲ ಅಕ್ಕ" ಎಂದು ಅತ್ತುಬಿಟ್ಟೆ.

"ನಂಗೂ ಹೆದ್ರಿಕೆ ಆಗ್ತಿದೆ" ಎಂದರು ಅವರು. "ಕಿಟಕಿ ಇಳ್ಸು. ಇಂಜಿನ್ ಆಫ್ ಮಾಡಿ ಕೇಳು."

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದೂರದಲ್ಲಿ ಲಾರಿಯೊಂದು ಗೇರು ಇಳಿಸಿದ ಸದ್ದು. "ಎದುರಿಂದ ಬರ್ತಿದೆ. ಎಡಕ್ಕೆ ತೆಗೊ, ಚರಂಡಿಯ ನೀರಿನ ಸದ್ದು ಹತ್ರ ಆಗೋವರೆಗೆ" ಎಂದು ತಾವು ಕಿಟಕಿಯಾಚೆಗೆ ತಲೆ ಹಾಕಿದರು. ನಾನು ಮತ್ತೆ ಸ್ಟಾರ್ಟ್ ಮಾಡಿ ಇಂಚಿಂಚೇ ಸರಿಸಿದೆ. "ಸಾಕು" ಎಂದರು. ಲಾರಿ ನಮ್ಮ ಕನ್ನಡಿಗೆ ಗಾಳಿ ಬೀಸಿಕೊಂಡು ಹಾದುಹೋಯಿತು. ಇಬ್ಬರೂ ಕೈಕೈ ಹಿಡಿದುಕೊಂಡು ಮಂಜು ಸರಿಯುವವರೆಗೆ ಅಲ್ಲೇ ಕೂತಿದ್ದೆವು. ಏನು ಮಾತಾಡಿದೆವೋ ಈಗ ನೆನಪಿಲ್ಲ...

ಅಕ್ಕ ತೀರಿಕೊಂಡು ಈಗ ಕೆಲವು ವರ್ಷವಾಯಿತು. ಜ್ವರವೆಂದು ಮಲಗಿದವರು ಏಳಲಿಲ್ಲ. ಕೆಂಪಿಗೆ ಬಿಡಿಭಾಗ ಸಿಗದೆ ಅದಕ್ಕೂ ಮೊದಲೇ ಅದನ್ನು ಮಾರಿಬಿಟ್ಟಿದ್ದರು. ಈಗ ನನ್ನದು ಸದ್ದಿಲ್ಲದ ಹೊಸ ಕಾರು. ತಿರುವುಗಳೆಂದರೆ ಹೆದರಿಕೆ ಇನ್ನೂ ಇದೆ, ಹೆದರಿಕೊಂಡೇ ಓಡಿಸುತ್ತೇನೆ.

ಸಂತೆಯ ದಿನ ಭಾವನನ್ನು ಮೂಡಿಗೆರೆಗೆ ಕರೆದೊಯ್ಯುವುದು ನಾನೇ. ಅವರಿಗೆ ಈಗ ನಡೆಯುವುದು ಕಷ್ಟ. ಕೋಲು ಊರಿಕೊಂಡು ಬಂದು, ಅಕ್ಕ ಕೂರುತ್ತಿದ್ದ ಎಡಬದಿಯ ಮುಂದಿನ ಬಾಗಿಲು ದಾಟಿ, ಹಿಂದಿನ ಬಾಗಿಲು ತೆರೆದು ಕೂರುತ್ತಾರೆ.

"ಮುಂದೆ ಬನ್ನಿ ಭಾವ, ಕಾಲು ಚಾಚೋಕೆ ಆಗ್ತದೆ" ಎಂದು ಪ್ರತಿ ಸಲವೂ ಹೇಳುತ್ತೇನೆ.

"ಇರ್ಲಿ ಬಿಡಮ್ಮ, ಇಲ್ಲೇ ಸರಿ" ಎನ್ನುತ್ತಾರೆ.

ನಾನು ಒತ್ತಾಯ ಮಾಡುವುದಿಲ್ಲ. ನನಗೂ ಅದೇ ಸರಿ.