ಖಾಲಿ ಡಬ್ಬಿಯೊಳಗಿನ ಚಮಚ

ಇವತ್ತು ಬೆಳಿಗ್ಗೆ ನನ್ನ ಮಗಳು ರೇಖಾ ಚಮಚ ಮರೆತು ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಅದು ಬಿದ್ದಿದೆ. ಹಿಡಿ ಸ್ವಲ್ಪ ಬಾಗಿದ ಹಳೆಯ ಸ್ಟೀಲಿನ ಚಮಚ. ಮರೆತರೇನಂತೆ, ಕೈಯಲ್ಲಿ ಉಂಡರಾಯಿತು ಎನ್ನುತ್ತೀರಿ. ಅವಳು ಉಣ್ಣುವುದೂ ಕೈಯಲ್ಲೇ. ಈ ಚಮಚ ಊಟಕ್ಕಲ್ಲ, ಕರಡಿಗೆ.

ನಗಬೇಡಿ ಎಂದು ನಾನು ಹೇಳಲಾರೆ. ಬೆಳಗಾವಿಯ ಶಹಾಪುರದ ಓಣಿಯಲ್ಲಿ, ಎಡಕ್ಕೊಂದು ಸೀರೆಯ ಅಂಗಡಿ, ಬಲಕ್ಕೊಂದು ಹಿಟ್ಟಿನ ಗಿರಣಿ ಇರುವಲ್ಲಿ ಕುಳಿತು ಕರಡಿಗೆ ಹೆದರುವ ನಿವೃತ್ತ ಶಿಕ್ಷಕಿಯನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಅದರಲ್ಲೂ ನಾನು ಹಲ್ಲಿ ಕಂಡರೆ ಕುರ್ಚಿ ಹತ್ತುವವಳು. ಅಂಥ ನನ್ನನ್ನು ಸರಕಾರ ಏಳು ವರ್ಷ ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯ ಆಚೆಗಿನ ಒಂದು ಕಾಡೊಳಗಿನ ಊರಿನ ಶಾಲೆಗೆ ಹಾಕಿತ್ತು. ಬಸ್ಸು ಇಳಿದ ಮೇಲೆ ಮುಕ್ಕಾಲು ಗಂಟೆ ಕಾಡಿನ ಕಾಲುದಾರಿ.

ಮೊದಲನೇ ದಿನ ಬಸ್ಸಿಳಿದಾಗ ರಸ್ತೆಬದಿಯ ಮತ್ತಿಮರದ ಕೆಳಗೆ ಒಬ್ಬ ಮುದುಕ ಬಡಿಗೆ ಊರಿ ನಿಂತಿದ್ದ. ಅರಣ್ಯ ಇಲಾಖೆಯ ವಾಚರ್, ವಿಠೋಬಾ ಕಾಕಾ. ಮನೆಮಾತು ಮರಾಠಿ, ನನ್ನ ಸಲುವಾಗಿ ಕನ್ನಡ. ಬೆಂಕಿ ಬೀಳದಂತೆ, ಮರ ಕಡಿಯದಂತೆ ಕಾಡು ಕಾಯುವುದು ಅವನ ಕೆಲಸ. ಶಿಕ್ಷಕಿಯರನ್ನು ಕಾಯಬೇಕೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ಅವನು ತನ್ನ ದಿನದ ಸುತ್ತನ್ನು ನನ್ನ ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡುಬಿಟ್ಟ. ಮುಂದೆ ಅವನು, ಹಿಂದೆ ನಾನು. ತಿರುವು ಬಂದಾಗಲೆಲ್ಲ ನಿಂತು, "ಹೋ... ಆಲೋ ಹೋ..." ಎಂದು ಕೂಗುತ್ತಿದ್ದ. ಬಂದೆವು ಎಂದರ್ಥ. ಯಾರಿಗೆ ಹೇಳುತ್ತೀ ಎಂದು ನಾನು ಕೇಳಿದ್ದೆ.

"ಅಜ್ಜಗ ಹೇಳ್ತೀನ್ರಿ ಬಾಯಿ," ಅಂದ; ಬಾಯಿ ಎಂದರೆ ಅವನ ಮರಾಠಿಯಲ್ಲಿ ಶಿಕ್ಷಕಿ. ಕರಡಿಯನ್ನು ಅವನು ಕಾಡಿನೊಳಗೆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಅಂವಗ ಕಣ್ಣು ಕಮ್ಮಿ, ಕಿವಿನೂ ಕಮ್ಮಿ. ಸಿಟ್ಟಿನಂವ ಅಲ್ಲ, ಅಂಜುಬುರುಕ ಅದಾನ. ನಾವು ಸಪ್ಪಳಿಲ್ದ ಹೋಗಿ ಒಮ್ಮಿಗೇ ಮುಂದ ನಿಂತ್ವಿ ಅಂದ್ರ ಅಂಜತಾನ. ಅಂಜಿದಾಂವ ಭಾಳ ಕೆಟ್ಟ ನೋಡ್ರಿ."

"ನಾನೂ ಅಂಜತೀನಲ್ಲೋ ಕಾಕಾ."

"ಅಂಜ್ರಿ. ಆದ್ರ ಗಟ್ಟಿಯಾಗಿ ಅಂಜ್ರಿ. ಒಳಗ ಇಟಗೊಂಡು ಅಂಜಬ್ಯಾಡ್ರಿ."

ಗಟ್ಟಿಯಾಗಿ ಅಂಜುವ ಉಪಾಯವನ್ನೂ ಅವನೇ ಕಲಿಸಿದ. ಖಾಲಿ ಡಬ್ಬಿಯಲ್ಲಿ ಒಂದು ಚಮಚ ಹಾಕಿ ಚೀಲದಲ್ಲಿ ಇಟ್ಟರೆ ನಡೆದಷ್ಟೂ ಗಲಗಲ ಎನ್ನುತ್ತದೆ. ಸಂಜೆಗೆ ಸರಿ, ಬೆಳಿಗ್ಗೆ ಡಬ್ಬಿಯ ತುಂಬ ಚಪಾತಿ ಇರುತ್ತದಲ್ಲ? ಅದಕ್ಕೆ ಎರಡು ಡಬ್ಬಿ: ಒಂದು ಊಟದ್ದು, ಒಂದು ಸಪ್ಪಳದ್ದು. ನಮ್ಮ ಅತ್ತೆಯವರು ಇದನ್ನು ಕೇಳಿ, ಸೊಸೆಗೆ ಕಾಡಿನ ಗಾಳಿ ಬಡಿದಿದೆ ಎಂದು ದೃಷ್ಟಿ ತೆಗೆದಿದ್ದರು. ರಜೆಯಲ್ಲಿ ಸಣ್ಣ ರೇಖಾಳನ್ನೂ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳು ಕಾಕಾನ ಹೆಗಲ ಮೇಲೆ ಕುಳಿತು ಅವನ ಕೂಗನ್ನು ಅವನಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು.

ಇನ್ನು ಹೇಳಲು ನಾಚಿಕೆಯಾಗುವ ಒಂದು ಮಾತಿದೆ. ನನ್ನ ಏಳನೇ ವರ್ಷದಲ್ಲಿ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಎಲ್ಲಿ ಎಷ್ಟು ಹುದ್ದೆ ಬೇಕು, ಎಷ್ಟು ಬೇಡ ಎಂದು ನೋಡಿ ಹೋಗುವ ಕೆಲಸವಂತೆ. ನಮ್ಮ ಶಾಲೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, "ಈ ವಾಚರ್ ದಿನಾ ಏನ್ ಮಾಡ್ತಾನ್ರೀ?" ಎಂದು ನನ್ನನ್ನು ಕೇಳಿದರು. ದೊಡ್ಡವರ ಮುಂದೆ ಚಾಲಾಕಿನ ಮಾತಾಡುವ ಚಟ ನನಗೆ. "ಏನಿಲ್ರೀ ಸಾಹೇಬ್ರ, ಬಡಿಗಿ ಹಿಡ್ಕೊಂಡು ಅಡ್ಡಾಡ್ತಾನ," ಅಂದೆ. ಎಲ್ಲರೂ ನಕ್ಕರು. ಚಹಾದ ಕಪ್ಪು ಎತ್ತಿಕೊಳ್ಳಲು ಬಂದಿದ್ದ ಕಾಕಾನೂ ನಕ್ಕ. ಸಾಹೇಬರು ಏನೋ ಬರೆದುಕೊಂಡರು.

ಮರುವರ್ಷ ನನಗೆ ಬೆಳಗಾವಿಗೆ ವರ್ಗವಾಯಿತು. ಕಾಕಾ ನಿವೃತ್ತನಾದ, ಕೆಲವು ವರ್ಷಗಳಲ್ಲಿ ತೀರಿಯೂ ಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ನನ್ನೊಂದು ಮಾತಿನಿಂದ ಹುದ್ದೆ ಹೋಗುವಷ್ಟು ನಾನು ದೊಡ್ಡವಳಲ್ಲ, ಗೊತ್ತು. ಎಲ್ಲ ಕಡೆ ಅನುದಾನ ಇಲ್ಲ, ಭರ್ತಿ ಇಲ್ಲ ಎಂಬ ಕಾಲ ಶುರುವಾಗಿತ್ತು. ಆದರೂ ಅವನು ಏನು ಮಾಡುತ್ತಾನೆಂದು ಕೇಳಿದ ಒಂದೇ ಒಂದು ಸಲ, ಉತ್ತರ ಗೊತ್ತಿದ್ದ ಒಬ್ಬಳೇ ಒಬ್ಬಳು ಹಾಗೆ ಹೇಳಿದ್ದಳು.

ವಿಧಿ ನೋಡಿ, ಈಗ ಅದೇ ಶಾಲೆಗೆ ರೇಖಾ ಅತಿಥಿ ಶಿಕ್ಷಕಿ. ಅಲ್ಲಿದ್ದ ಕಾಯಂ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಆ ಕುರ್ಚಿಯೂ ಖಾಲಿ. ನಾಲ್ಕು ತರಗತಿಗೆ ಇವಳೊಬ್ಬಳೇ. ಮುಂಜಾನೆ ಖಾನಾಪುರದ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ, ಮತ್ತಿಮರದ ಹತ್ತಿರ ಇಳಿದಾಗ ಫೋನ್ ಮಾಡುತ್ತಾಳೆ. ಆಮೇಲೆ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ. ಶಾಲೆಯ ದಿಬ್ಬ ಹತ್ತಿದ ಮೇಲೆ ಒಂದು ಮಿಸ್ಡ್ ಕಾಲ್. ನಡುವಿನ ಆ ಹೊತ್ತಿನಲ್ಲಿ ನಾನು ದೇವರ ಮುಂದೆ ಕೂರುತ್ತೇನೆ ಎಂದು ಓಣಿಯವರು ತಿಳಿದಿದ್ದಾರೆ. ಕೂರುವುದು ಫೋನಿನ ಮುಂದೆ.

ಎರಡು ವರ್ಷದಿಂದ ಒಂದೇ ರಾಗ ನನ್ನದು: ಬಿಟ್ಟುಬಿಡು, ಊರಲ್ಲೇ ಯಾವುದಾದರೂ ಖಾಸಗಿ ಶಾಲೆ ನೋಡು. ಅವಳು ಮರುದಿನ ಮತ್ತೆ ಅದೇ ಬಸ್ಸು ಹತ್ತುತ್ತಾಳೆ. ಕೊನೆಗೆ ಕಳೆದ ತಿಂಗಳು, ಕಣ್ಣಾರೆ ನೋಡಿ ಖಡಕ್ಕಾಗಿ ಹೇಳಿಯೇ ಬರೋಣ ಎಂದು ನಾನೂ ಅವಳ ಜೊತೆ ಹೊರಟೆ.

ಬಸ್ಸಿಳಿದರೆ ಮತ್ತಿಮರದ ಕೆಳಗೆ ಒಂಬತ್ತು ಮಕ್ಕಳು ಸಾಲಾಗಿ ನಿಂತಿದ್ದವು. ರಸ್ತೆಬದಿಯ ವಾಡಿಯ, ಅಂದರೆ ಹತ್ತಾರು ಮನೆಗಳ ಸಣ್ಣ ಹಳ್ಳಿಯ, ಮಕ್ಕಳು. ಅವರ ವಾಡಿಯ ಶಾಲೆಯನ್ನು ಮಕ್ಕಳು ಕಡಿಮೆ ಎಂದು ಮುಚ್ಚಿ, ಕಾಡಿನಾಚೆಯ ಶಾಲೆಗೆ ಸೇರಿಸಿದ್ದಾರೆ. ತಂದೆತಾಯಿಗಳು ಹೊತ್ತು ಹುಟ್ಟುವ ಮೊದಲೇ ಕೂಲಿಗೆ ಹೋಗಿರುತ್ತಾರೆ. ಮಕ್ಕಳನ್ನು ಬಿಡಲು ಬಂದಿದ್ದ ಒಬ್ಬ ಅಜ್ಜಿ ನನಗೆ ಹೇಳಿದಳು: "ನಿಮ್ಮ ಮಗಳು ಬಂದ ದಿನಾ ಇವಕ್ಕ ಸಾಲಿ ರೀ. ಬರಲಿಲ್ಲಂದ್ರ ಮನಿ. ಹಂಗ ಒಬ್ಬೊಬ್ಬರನ್ನ ಕಳಸಾಕ ಜೀವ ಒಲ್ಲ ಅಂತದ."

ಇದನ್ನು ರೇಖಾ ನನಗೆ ಹೇಳಿಯೇ ಇರಲಿಲ್ಲ. ನಾನು ಒಬ್ಬಳಿಗಾಗಿ ಹೆದರುತ್ತಿದ್ದೆ.

ಸಣ್ಣವರು ನಡುವೆ, ದೊಡ್ಡವರು ಕೊನೆಗೆ, ರೇಖಾ ಮುಂದೆ. ಎಲ್ಲರ ಚೀಲದಲ್ಲೂ ಖಾಲಿ ಡಬ್ಬಿ. ಚಮಚ ಇಲ್ಲದವರ ಡಬ್ಬಿಯಲ್ಲಿ ಬೆಣಚುಕಲ್ಲು. ಮೊದಲ ತಿರುವಿನಲ್ಲಿ ನನ್ನ ಮಗಳು ನಿಂತು, ಕೊರಳೆತ್ತಿ, "ಹೋ... ಆಲೋ ಹೋ..." ಎಂದಳು. ಎರಡನೇ ತಿರುವಿನ ಹುತ್ತವನ್ನು ಗೆದ್ದಲಿನ ಆಸೆಗೆ ಕರಡಿ ಅರ್ಧ ಬಗೆದಿತ್ತು. ಮಣ್ಣು ಇನ್ನೂ ಹಸಿ. ಅದರ ಮೇಲಿನ ಉಗುರಿನ ಗೀರುಗಳನ್ನು ನಾನೂ ನೋಡಿದೆ, ಅವಳೂ ನೋಡಿದಳು. ಅವಳ ಮುಖದ ಬಣ್ಣ ಹೋಗಿತ್ತು.

"ಅವ್ವಾ, ಆಜೂಬಾಜು ನೋಡಬ್ಯಾಡ. ಮಗ್ಗಿ ಹೇಳು, ಗಟ್ಟಿಯಾಗಿ. ಹದಿಮೂರರದು."

ಮೂವತ್ತು ವರ್ಷ ಮಗ್ಗಿ ಕಲಿಸಿದವಳು ನಾನು. ಹದಿಮೂರು ಏಳಲೆ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ನನ್ನ ಸೆರಗು ಹಿಡಿದಿದ್ದ ಎರಡನೇ ತರಗತಿಯ ಒಂದು ಹುಡುಗಿ, ದೊಡ್ಡವರಿಂದ ಕೇಳಿ ಕಲಿತಿದ್ದಳೋ ಏನೋ, "ತೊಂಬತ್ತೊಂದು ರೀ ಅಜ್ಜಿ," ಎಂದು ಕಾಡಿಗೆಲ್ಲ ಕೇಳುವಂತೆ ಕೂಗಿದಳು. ಅವಳು ಎಳೆದುಕೊಂಡು ಹೋದ ಹಾಗೆ ನಾನು ದಿಬ್ಬ ಹತ್ತಿದೆ.

ಸಂಜೆ ಮರಳುವಾಗ ಬಸ್ಸಿನಲ್ಲಿ ಬಿಟ್ಟುಬಿಡು ಎನ್ನುವ ರಾಗ ತೆಗೆಯಲಿಲ್ಲ. "ನಿನಗ ಅಂಜಿಕಿ ಆಗೂದಿಲ್ಲೇನವಾ?" ಎಂದಷ್ಟೇ ಕೇಳಿದೆ.

"ದಿನಾ ಆಗ್ತದ," ಎಂದಳು. ಕಿಟಕಿಗೆ ತಲೆ ಆನಿಸಿ ಖಾನಾಪುರ ಬರುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು.

ಇಷ್ಟು ಬರೆಯುವ ಹೊತ್ತಿಗೆ ಫೋನು ಒಂದು ಸಲ ಗುರ್ ಎಂದು ನಿಂತಿತು. ಮುಟ್ಟಿದ್ದಾರೆ. ದಿನದಂತೆ ಇವತ್ತೂ ಎದ್ದು ಚಹಾಕ್ಕೆ ಇಡಬೇಕಿತ್ತು. ಇಡಲಿಲ್ಲ. ಸಂಜೆ ಅವರು ಅದೇ ದಾರಿಯಲ್ಲಿ ಮರಳಬೇಕು. ಹುತ್ತ ಬಗೆದ ಕರಡಿ ಅಲ್ಲೇ ಎಲ್ಲೋ ಇದೆ. ಚಮಚ ಇಲ್ಲಿದೆ.

ಒಂದು ಖಾಲಿ ಡಬ್ಬಿ ತೆಗೆದು ಚಮಚವನ್ನು ಅದರಲ್ಲಿ ಹಾಕಿದೆ. ಮಾಳಿಗೆಯ ಮೇಲಿನ ಬಟ್ಟೆ ಒಣಹಾಕುವ ಬಿದಿರು ನನ್ನ ಎತ್ತರಕ್ಕೆ ಸರಿಯಾಗಿತ್ತು. ಬಾಗಿಲಿಗೆ ಕೀಲಿ ಹಾಕುವಾಗ ಎದುರುಮನೆಯ ಶಾರದಾ ವೈನಿ ಬಿದಿರನ್ನೂ ನನ್ನನ್ನೂ ನೋಡಿ, "ಇದೇನ್ರೀ ವೈನಿ, ಈ ಮೊಣಕಾಲ ತಗೊಂಡು ಬಿಸಿಲಾಗ ಎಲ್ಲಿಗೆ ಹೊಂಟ್ರಿ?" ಎಂದರು.

"ಏನಿಲ್ರೀ," ಅಂದೆ. "ಬಡಿಗಿ ಹಿಡ್ಕೊಂಡು ಅಡ್ಡಾಡಾಕ."

ಈ ಕೊನೆಯ ಸಾಲುಗಳನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಖಾನಾಪುರದ ಬಸ್ಸು ಇನ್ನೂ ಬಂದಿಲ್ಲ. ಡಬ್ಬಿ ತೊಡೆಯ ಮೇಲಿದೆ. ನಾನು ಕಾಡಿನಲ್ಲಿ ಇನ್ನೂ ಒಂದು ಹೆಜ್ಜೆಯೂ ಇಟ್ಟಿಲ್ಲ, ಆದರೂ ಒಳಗೆ ಚಮಚ ಗಲಗಲ ಎನ್ನುತ್ತಿದೆ.