ಮೈಕ್ ಸೆಟ್ಟಿಗೆ ಹಚ್ಚಿದ ವಿಭೂತಿ

ಮಧುಗಿರಿಯ ನಮ್ಮ ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವ ಹಾಡು ನಮ್ಮವ್ವನದೇ. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ಎತ್ತಿ ಹೇಳುವರು. ಹಾಡು ಕರೆಯದೆ ಹೆಣ್ಣು ಹಸೆಮಣೆ ಏರುವಂತಿರಲಿಲ್ಲ. ಒಂದು ವರ್ಷ ಅವ್ವನಿಗೆ ಗಂಟಲ ಬೇನೆ ಬಂತು; ಹೋಗುವಾಗ ದನಿಯನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಪಿಸುಮಾತು. ಆಮೇಲೆ ಮದುವೆಗಳಿಗೆ ಹೋಗಿ ಉಂಡು ಬರುತ್ತಿದ್ದಳೇ ಹೊರತು ಹಸೆಯ ಹತ್ತಿರ ಕೂರುತ್ತಿರಲಿಲ್ಲ.

ನನ್ನ ತಂಗಿಯ ಮದುವೆ ಗೊತ್ತಾದಾಗ, "ಹಾಡಕ್ಕೆ ಬ್ಯಾರೆ ಯಾರ್ನಾದ್ರೂ ಕರ್ಸು ಕಣ್ಲಾ" ಅಂದಳು. ನನಗೆ ಸಿಟ್ಟು ಬಂತು. ಶಿರಾದಲ್ಲಿ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಸಾಹೇಬರ ಬಳಿ ನನಗೆ ಕೆಲಸ. ಕಂಡವರ ಒಣ ಭಾಷಣಗಳನ್ನೆಲ್ಲ ಊರಿಗೆ ಕೇಳಿಸುವವನು ಹೆತ್ತವ್ವನ ಹಾಡನ್ನು ಕೇಳಿಸಲಾರೆನೇ? "ನೀನು ಪಿಸುಗುಟ್ಟು ಸಾಕು, ಮಿಕ್ಕಿದ್ದು ನಂಗೆ ಬುಡು" ಅಂದೆ.

ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನ ಕುಲುಕಾಟಕ್ಕೆ ಒಡೆಯದಿರಲೆಂದು ಆಂಪ್ಲಿಫೈಯರಿನ ಬಲ್ಬಿನಂಥ ಗಾಜಿನ ವಾಲ್ವುಗಳನ್ನು ಕಿತ್ತು ಹತ್ತಿಯಲ್ಲಿ ಸುತ್ತಿ ತಂದಿದ್ದೆ. ಮದುವೆಯ ಬೆಳಿಗ್ಗೆ ಅವನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಒಂದೊಂದರ ಮೈಮೇಲೂ ಅವ್ವ ಹಚ್ಚಿದ ಮೂರೆಳೆ ವಿಭೂತಿ! ದುಡಿಯಲು ಬಂದದ್ದು ಎತ್ತಾಗಲಿ ಏಣಿಯಾಗಲಿ, ವಿಭೂತಿ ಬೀಳದೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಇಳಿಯುವಂತಿಲ್ಲ. ನಗುತ್ತಲೇ ವಾಲ್ವುಗಳನ್ನು ಕೂರಿಸಿ, ಬ್ಯಾಟರಿ ಕೊಟ್ಟು, ಮೈಕಿಗೆ "ಹಲೋ" ಅಂದೆ. ಚಪ್ಪರಕ್ಕೆ ಕಟ್ಟಿದ್ದ ಹಾರ್ನು ಪಿಟ್ಟೆನ್ನಲಿಲ್ಲ.

ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ಕರೆಂಟು ಅಳೆಯುವ ಮೀಟರು ತೆಗೆದೆ. ಬ್ಯಾಟರಿಗೆ ಅದರ ಕಡ್ಡಿ ಮುಟ್ಟಿಸಿದರೆ ಮುಳ್ಳು ಸರಿಯಾಗಿಯೇ ಎದ್ದಿತು. ವಾಲ್ವುಗಳ ಹೊಟ್ಟೆಯಲ್ಲಿ ಕೆಂಪು ಕಾಣುತ್ತಿತ್ತು. ತಗಡಿನ ಪೆಟ್ಟಿಗೆಯನ್ನು ವಾರೆ ಮಾಡಿ ಅಡಿಯ ಬೆಸುಗೆಗಳನ್ನು ಕಡ್ಡಿಯಿಂದ ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲೆಲ್ಲಿ ಎಷ್ಟು ಕರೆಂಟು ಇರಬೇಕೋ ಅಷ್ಟೂ ಇತ್ತು. ಪಕ್ಕದಲ್ಲಿ ನಿಂತಿದ್ದ ಸೋದರಮಾವ, "ಎಲ್ಡು ಬಿಗಿಲಾ, ತಾನಾಗೇ ಮಾತಾಡ್ತದೆ" ಅಂದ.

"ನೀನು ಮೊದ್ಲು ಬೆಳಕು ಬುಟ್ಟು ಸರಿ ಮಾವ" ಎಂದು ರೇಗಿದೆ.

ಅವ್ವ ನನ್ನ ಮುಖ ನೋಡಿ ಅಡಿಗೆಯ ಕಡೆ ತಿರುಗಿದಳು.

ಕರೆಂಟು ಇದೆ, ದನಿ ಇಲ್ಲ. ಹಾಗಾದರೆ ದನಿ ನಡೆಯುವ ದಾರಿಯಲ್ಲೇ ತಡೆ. ಬ್ಯಾಟರಿ ಬಿಚ್ಚಿ, ಮೀಟರು ಹಿಡಿದು ಮೈಕಿನಿಂದ ಮುಂದಕ್ಕೆ ಬಂದೆ. ಮೊದಲ ವಾಲ್ವಿನ ನೆತ್ತಿಯಲ್ಲಿ ಗುಂಡಿಯಂಥ ಲೋಹದ ಗುಬಟಿದೆ. ದನಿಯನ್ನು ಒಳಗೊಯ್ಯುವ ತಂತಿಯ ಟೋಪಿ ಅದರ ಮೇಲೆ ಕೂರುತ್ತದೆ. ಟೋಪಿಗೊಂದು ಕಡ್ಡಿ, ಗುಬಟಿನ ಅಂಚಿಗೊಂದು ಕಡ್ಡಿ ಇಟ್ಟೆ. ಮುಳ್ಳು ಕದಲಲಿಲ್ಲ; ಎರಡೂ ಒಂದಕ್ಕೊಂದು ತಾಗಿಯೇ ಇಲ್ಲ.

ಟೋಪಿ ಎತ್ತಿದೆ. ಗುಬಟಿನ ತುಂಬ ಒಣಗಿ ಕಚ್ಚಿಕೊಂಡ ವಿಭೂತಿ. ಮೈಗೆ ಹಚ್ಚಿದವಳು ನೆತ್ತಿಯನ್ನೂ ಬಿಟ್ಟಿರಲಿಲ್ಲ. "ಸಿಕ್ತು!" ಎಂದು ಕೂಗಿ ಪಂಚೆಯ ತುದಿ ಎತ್ತುವಷ್ಟರಲ್ಲಿ ಅವ್ವ ಓಡಿ ಬಂದು ಕೈ ಹಿಡಿದಳು.

"ಮದ್ವೆ ದಿನ ಈಬೂತಿ ಒರಸ್‌ಬ್ಯಾಡ ಕಣಪ್ಪಾ. ಮಗೀಗೆ ಒಳ್ಳೇದಲ್ಲ. ನಾನು ಹಾಡ್ದಿದ್ರೂ ಪರವಾಗಿಲ್ಲ ಬುಡು" ಎಂದು ಪಿಸುಗುಟ್ಟಿದಳು.

"ನಿನ್ ದನಿ ಒಳೀಕ್ ಹೋಗೋ ಬಾಗ್ಲು ಇದೇ ಕಣವ್ವ. ಇಲ್ಲೇ ತಡೆದೈತೆ."

ಅವ್ವ ಆ ಗುಬಟನ್ನೇ ನೋಡುತ್ತ ನಿಂತಳು. ಆಮೇಲೆ ನನ್ನನ್ನು ಸರಿಸಿ, ತನ್ನ ಸೆರಗಿನಿಂದ ತಾನೇ ಒರೆಸಿದಳು. ಸೆರಗಿಗೆ ಅಂಟಿದ ಬೂದಿಯನ್ನು ಬೆರಳಲ್ಲಿ ತೆಗೆದು ತನ್ನ ಗಂಟಲಿಗೆ ಹಚ್ಚಿಕೊಂಡಳು. ನಾನು ಟೋಪಿ ಕೂರಿಸಿ ಬ್ಯಾಟರಿ ಕೊಟ್ಟೆ.

ಅವ್ವ ಮೈಕಿಗೆ ಬಾಯಿ ತಾಗಿಸಿ ಮೊದಲ ಸಾಲು ಹೇಳಿದಳು. ದನಿ ಗೊಗ್ಗರಾಗಿತ್ತು, ಆದರೆ ಚಪ್ಪರದ ಆಚೆಗೂ ಮುಟ್ಟಿತು. ಹಿತ್ತಲ ಒಲೆಯ ಹತ್ತಿರವಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಅದನ್ನು ಎತ್ತಿ ಹೇಳಿದರು. ಅವರು ಮುಗಿಸುವ ತನಕ ಅವ್ವ ಕಾದು, ಎರಡನೆಯ ಸಾಲು ಕೊಟ್ಟಳು. ತಂಗಿ ಹೊರಗೆ ಬಂದವಳು ಹಸೆಮಣೆಯ ಮುಂದೆ ನಿಂತು ಬಿಕ್ಕತೊಡಗಿದಳು. ಮೈಕು ಬಾಯಿಗೆ ತಾಗಿರುವುದನ್ನೇ ಮರೆತು ಅವ್ವ, "ಅಳಬ್ಯಾಡ ಕಣಮ್ಮ, ಕಾಡ್ಗೆ ಕದಡ್ತದೆ" ಅಂದಳು. ಅದು ಇಡೀ ಕೇರಿಗೆ ಕೇಳಿಸಿತು.