ಪುಟ್ಟತಾಯಮ್ಮನ ಕತ್ತಿನ ಸುಣ್ಣ

ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು. ದೆವ್ವ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಅವರ ಎದುರೇ ನಗುತ್ತಿದ್ದೆ. ಈಗ ನಂಬುತ್ತೇನೆ ಎಂದಲ್ಲ. ಒಂದು ಮಧ್ಯಾಹ್ನದ ಸಂಗತಿ ನೆನಪಾದರೆ ಮಾತ್ರ ನಗು ಬರುವುದಿಲ್ಲ.

ಐವತ್ತರ ದಶಕದ ಕೊನೆ. ಒಂಟಿಕೊಪ್ಪಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಪುಟ್ಟತಾಯಮ್ಮ, ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿ ಹಾಲು ಮಾರಿ ಬದುಕಿದವರು. ವಯಸ್ಸು ನಲವತ್ತರ ಆಸುಪಾಸಿನಲ್ಲಿದ್ದಾಗ ಅವರಿಗೊಂದು ಕಾಯಿಲೆ ಅಂಟಿಕೊಂಡಿತು. ಚಳಿಗೆ ಬೆರಳು ನೀಲಿಗಟ್ಟುತ್ತಿದ್ದವು. ಕೈಯ, ಮುಖದ ಚರ್ಮ ಬಿಗಿದು ತೊಗಲಿನಂತೆ ಗಟ್ಟಿಯಾಯಿತು. ಆಮೇಲೆ ಬೆರಳ ತುದಿ ಒಡೆದು ಬಿಳಿಯ ಪುಡಿ ಉದುರತೊಡಗಿತು.

ಬೀದಿಯವರು ಅದನ್ನು ವಿಭೂತಿ ಎಂದರು. ಹೂವು, ಕರ್ಪೂರ ಹಿಡಿದು ಬಾಗಿಲಿಗೆ ಬಂದರು. ಪುಟ್ಟತಾಯಮ್ಮನ ನಾದಿನಿಯೇ ಹಜಾರದಲ್ಲಿ ಮಣೆ ಹಾಕಿ, "ಕೂತ್ಕಳಕ್ಕ, ದೇವ್ರೇ ಮೈಮ್ಯಾಲೆ ಬಂದವ್ನೆ" ಎಂದಳು.

ಅವರು ಮಣೆಯನ್ನು ಕಾಲಿನಿಂದ ತಳ್ಳಿದರು. "ಇದು ಸುಣ್ಣ ಕಣಮ್ಮ, ವಿಭೂತಿ ಅಲ್ಲ. ನಂಗೆ ಕಾಯ್ಲೆ ಬಂದದೆ. ಮಂಗಳಾರತಿ ಬ್ಯಾಡ, ಡಾಕ್ಟ್ರು ಬೇಕು" ಎಂದು ಎಲ್ಲರನ್ನೂ ಆಚೆ ಕಳಿಸಿದರು.

ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಆ ಹೊತ್ತಿಗೆ ಅವರ ತೋಳುಗಳೂ ಮೇಲೇಳುತ್ತಿರಲಿಲ್ಲ. ಡಾಕ್ಟರು ಕತ್ತಿನ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಬೆನ್ನುಮೂಳೆಯ ಮೇಲ್ಭಾಗದಲ್ಲಿ ಕಲ್ಲುಸಕ್ಕರೆ ಹರಳುಗಳ ಹಾಗೆ ಬಿಳಿಯ ಗಂಟುಗಳು.

"ಬೆರಳಲ್ಲಿ ಉದುರೋ ಸುಣ್ಣಾನೇ ಇಲ್ಲೂ ಕೂತಿದೆ. ನರ ಒತ್ತುತ್ತಿದೆ. ಇದಕ್ಕೆ ಮದ್ದಿಲ್ಲ, ಕುಯ್ದು ತೆಗೆಯೋದು ಅಪಾಯ" ಎಂದರು. ಬರಬರುತ್ತಾ ಕೈಕಾಲು ಪೂರ್ತಿ ಬಿದ್ದುಹೋಗಬಹುದು ಎಂದೂ ಹೇಳಿದರು.

ಪುಟ್ಟತಾಯಮ್ಮ ಅಳಲಿಲ್ಲ. "ಬೀಳೋವರ್ಗೂ ಕರೀತೀನಿ" ಎಂದು ಮರುದಿನವೂ ಬಿಸಿನೀರಿನಲ್ಲಿ ಕೈ ಅದ್ದಿ, ಹಲ್ಲು ಕಚ್ಚಿ, ಹಾಲು ಕರೆಯಲು ಕೂತರು. ಸೆರಗು ಹೊದೆಯಲು, ತಲೆ ಬಾಚಿಕೊಳ್ಳಲು ಮಾತ್ರ ಅವರಿಂದ ಆಗುತ್ತಿರಲಿಲ್ಲ. ರಜೆಯ ದಿನ ನಾನು ಬಾಚುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಹಾಗೇ ಬಾಚುತ್ತಿದ್ದಾಗ ಅವರ ಕತ್ತಿನೊಳಗಿಂದ ಶಬ್ದ ಬಂತು. ಗಟ್ಟಿಯಾದದ್ದೇನೋ ನಿಧಾನವಾಗಿ ಪುಡಿಯಾಗುತ್ತಿರುವ ಶಬ್ದ. ನನ್ನ ಎಡಗೈ ಅವರ ಹೆಡಕಿನ ಮೇಲಿತ್ತು, ಅಂಗೈ ಜುಮ್ಮೆಂದಿತು. ಹೆದರಿ ಕೈ ಎಳೆದುಕೊಂಡೆ.

"ಕೇಳುಸ್ತಾ?" ಎಂದರು.

"ಕೇಳಿಸ್ತು" ಎಂದೆ.

ಅವರು ಬಲಗೈ ಎತ್ತಿದರು. ನನ್ನಿಂದ ಬಾಚಣಿಗೆ ತೆಗೆದುಕೊಂಡು ನಡುನೆತ್ತಿಗೆ ಇಟ್ಟರು. ತಾವೇ ಬಾಚಿಕೊಂಡರು.

ಆ ವಾರವೇ ಮತ್ತೆ ಎಕ್ಸ್‌ರೇ ಆಯಿತು. ಗಂಟುಗಳಿರಲಿಲ್ಲ. ಫಿಲಂ ಅದಲುಬದಲಾಗಿದೆ ಎಂದುಕೊಂಡ ಡಾಕ್ಟರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಎರಡರಲ್ಲೂ ಅದೇ ದವಡೆ, ಅದೇ ಮುರಿದ ಹಲ್ಲು. "ಈ ಸುಣ್ಣ ಅಪರೂಪಕ್ಕೆ ತಾನೇ ಕರಗೋದುಂಟು. ಆದರೆ ಹೀಗಲ್ಲ" ಎಂದರು.

ಹೊರಗೆ ಬಂದ ಮೇಲೆ ಪುಟ್ಟತಾಯಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಟೀಚರಮ್ಮ, ಇದ ಯಾರ್ಗೂ ಯೋಳ್ಬ್ಯಾಡಿ. ಗೊತ್ತಾದ್ರೆ ಗುಡಿ ಕಟ್ಟಿ ಕೂರಿಸ್ಬುಡ್ತಾರೆ. ನಂಗೆ ಕೊಟ್ಟಿಗೇಲಿ ಕೆಲ್ಸ ಅದೆ."

ಬೆರಳಿನ ಪುಡಿ ನಿಲ್ಲಲಿಲ್ಲ, ಚರ್ಮ ಸಡಿಲವಾಗಲಿಲ್ಲ. ವರ್ಷಗಳ ಬಳಿಕ ಅದೇ ರೋಗ ಶ್ವಾಸಕೋಶಕ್ಕಿಳಿದು ಅವರನ್ನು ಕೊಂಡೊಯ್ಯಿತು. ಸಾಯುವ ಹಿಂದಿನ ತಿಂಗಳವರೆಗೂ ಹಾಲು ಕರೆದರು. ಅವರಿರುವ ತನಕ ನಾನು ಬಾಯಿ ಬಿಡಲಿಲ್ಲ.

ಗಂಟುಗಳು ಮೊದಲೇ ಕರಗಿದ್ದಿರಬಹುದು, ಆ ದಿನ ಬರೀ ಕತ್ತಿನ ಕೀಲು ಸದ್ದು ಮಾಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ಹಾಗಿದ್ದರೆ ಅದೇ ಬೆಳಿಗ್ಗೆ ಸೀರೆಯ ಸೆರಗು ಹೊದೆಯಲೂ ಆಗದಿದ್ದ ತೋಳು ಮಧ್ಯಾಹ್ನ ಮೇಲೆದ್ದದ್ದು ಹೇಗೆ? ನಿಮಗೆ ಹೊಳೆದರೆ ಸಂತೋಷ. ಕೇಳಿದ್ದನ್ನು ಕೇಳಲಿಲ್ಲ ಎನ್ನಲು ಮಾತ್ರ ನನ್ನಿಂದಾಗದು.